ಟೇಬಲ್ ನಿಮ್ಮದು, ಫಾರ್ಮ್ ತುಂಬುವವರದು

[ಸ್ಕ್ರೀನ್: ಮೊಬೈಲ್‌ನಲ್ಲಿ ಒಂದು ಫಾರ್ಮ್. ಮೊದಲ ಪ್ರಶ್ನೆ ‘ಎಫ್_ನೇಮ್’. ಕೆಳಗೆ ‘ಎಲ್_ನೇಮ್’, ‘ಡಿಒಬಿ’, ‘ಜಿ_ರಿಲೇಶನ್’]

ನಮಸ್ಕಾರ. ಈ ಫಾರ್ಮ್ ನೋಡಿ. ಮಕ್ಕಳ ಬೇಸಿಗೆ ಶಿಬಿರಕ್ಕೆ ಹೆಸರು ಕೊಡಲು ಅಪ್ಪ ಅಮ್ಮಂದಿರಿಗೆ ವಾಟ್ಸಾಪ್‌ನಲ್ಲಿ ಕಳಿಸುವಂಥದ್ದು. ಈ ವಿಡಿಯೋಗೆಂದೇ ಮಾಡಿದ ಡೆಮೊ ಇದು, ಆದರೆ ಇಂಥವು ನಿಮ್ಮ ಫೋನಿಗೂ ಬಂದಿರುತ್ತವೆ. ‘ಜಿ_ರಿಲೇಶನ್’ ಅಂದರೆ ಏನು? ಮಗುವಿಗೆ ನೀವು ಏನಾಗಬೇಕು ಅಂತ. ಮಾಡಿದವರಿಗೆ ಗೊತ್ತು, ತುಂಬುವವರಿಗೆ ಹೇಗೆ ಗೊತ್ತಾಗಬೇಕು?

ಹೀಗಾಗಲು ಕಾರಣ ಸರಳ. ಏರ್‌ಟೇಬಲ್, ಬೇಸ್‌ರೋ, ನೋಕೋಡಿಬಿ ಥರದ ನೋ-ಕೋಡ್ ಟೂಲ್‌ಗಳಲ್ಲಿ, ಅಂದರೆ ಕೋಡ್ ಬರೆಯದೇ ಬಳಸುವ ಟೂಲ್‌ಗಳಲ್ಲಿ, ಮೊದಲು ಟೇಬಲ್ ಮಾಡುತ್ತೇವೆ. ಆಮೇಲೆ ಫಾರ್ಮ್ ಬಟನ್ ಒತ್ತುತ್ತೇವೆ. ಇದ್ದ ಕಾಲಂಗಳೇ ಪ್ರಶ್ನೆಗಳಾಗಿ ಬಂದುಬಿಡುತ್ತವೆ. ಎರಡೇ ನಿಮಿಷದ ಕೆಲಸ. ಆ ಎರಡು ನಿಮಿಷಕ್ಕೇ ನಿಂತುಬಿಡುತ್ತೇವೆ ನೋಡಿ, ತೊಂದರೆ ಅಲ್ಲಿದೆ. ಟೇಬಲ್ ಇರುವುದು ನಿಮ್ಮ ಅನುಕೂಲಕ್ಕೆ. ಫಾರ್ಮ್ ಇರುವುದು ತುಂಬುವವರ ಅನುಕೂಲಕ್ಕೆ. ಎರಡನ್ನೂ ಬೇರೆ ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ.

[ಸ್ಕ್ರೀನ್: ಬೇಸ್‌ರೋ ಫಾರ್ಮ್ ಎಡಿಟರ್]

ಇವತ್ತು ಬೇಸ್‌ರೋದಲ್ಲಿ ತೋರಿಸುತ್ತೇನೆ. ಓಪನ್ ಸೋರ್ಸ್, ಬೇಕಿದ್ದರೆ ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಏರ್‌ಟೇಬಲ್‌ನಲ್ಲೂ ಹೆಚ್ಚುಕಮ್ಮಿ ಇದೇ ದಾರಿ.

ಇಲ್ಲಿ ಪ್ರಶ್ನೆಯ ಮೇಲೆ ಕ್ಲಿಕ್ ಮಾಡಿದರೆ ಅದರ ಹೆಸರು ಬದಲಾಯಿಸಬಹುದು. ಕಾಲಂ ಹೆಸರು ಹಾಗೇ ಉಳಿಯುತ್ತದೆ, ಫಾರ್ಮ್‌ನಲ್ಲಿ ಮಾತ್ರ ‘ನೀವು ಮಗುವಿಗೆ ಏನಾಗಬೇಕು?’ ಅಂತ ಕಾಣುತ್ತದೆ. ಹಾಗಾದರೆ ಕಾಲಂ ಹೆಸರನ್ನೇ ಕನ್ನಡದಲ್ಲಿ ಇಟ್ಟರೆ ಆಗದೇ? ಆಗುತ್ತದೆ. ಆದರೆ ಅದರಲ್ಲಿ ಒಂದು ತೊಡಕಿದೆ.

[ಸ್ಕ್ರೀನ್: ಫಾರ್ಮ್ ಲಿಂಕ್, ಕೊನೆಯಲ್ಲಿ ಪ್ರೀಫಿಲ್ ಭಾಗ ಹಳದಿ ಬಣ್ಣದಲ್ಲಿ]

ಲಿಂಕ್‌ನ ಕೊನೆಗೆ ‘ಪ್ರೀಫಿಲ್ ಅಂಡರ್‌ಸ್ಕೋರ್’ ಹಾಕಿ, ಕಾಲಂ ಹೆಸರು, ಈಕ್ವಲ್ ಚಿಹ್ನೆ, ಉತ್ತರ ಬರೆದರೆ ಆ ಜಾಗ ಮೊದಲೇ ತುಂಬಿಕೊಂಡು ತೆರೆಯುತ್ತದೆ. ಮೈಸೂರಿನ ಗ್ರೂಪಿಗೆ ಒಂದು ಲಿಂಕ್, ಹಾಸನದ ಗ್ರೂಪಿಗೆ ಇನ್ನೊಂದು. ಊರು ಯಾವುದೆಂದು ಯಾರೂ ಟೈಪ್ ಮಾಡಬೇಕಿಲ್ಲ. ಇದು ತುಂಬಾ ಒಳ್ಳೆಯ ಸೌಲಭ್ಯ, ಬಳಸುವವರು ಕಡಿಮೆ. ಆದರೆ ಲಿಂಕ್‌ನೊಳಗೆ ಕನ್ನಡ ಅಕ್ಷರ ಹೋದಾಗ ಒಂದೊಂದು ಚಿಹ್ನೆಯೂ ಶೇಕಡಾ ಗುರುತುಗಳ ಸಾಲಾಗುತ್ತದೆ. ಒಂದು ಚಿಹ್ನೆಗೆ 9 ಕ್ಯಾರೆಕ್ಟರ್. ‘ಊರು’ ಎಂಬ ಕಾಲಂ ಹೆಸರಲ್ಲಿ ಊ, ರ, ಕೊಂಬು ಅಂತ ಮೂರು ಚಿಹ್ನೆ, ಅದಕ್ಕೇ 27. ಅಂಥ ನಾಲ್ಕು ಸೇರಿದರೆ ಲಿಂಕ್ ಮೂರು ಸಾಲು ದಾಟುತ್ತದೆ. ನೋಡಿದವರು ಯಾವುದೋ ಮೋಸದ ಲಿಂಕ್ ಅಂದುಕೊಂಡು ಒತ್ತುವುದೇ ಇಲ್ಲ. ಅದಕ್ಕೇ ಕಾಲಂ ಹೆಸರು ಚಿಕ್ಕದಾಗಿ ಇಂಗ್ಲಿಷಿನಲ್ಲಿರಲಿ, ಪ್ರಶ್ನೆ ಕನ್ನಡದಲ್ಲಿರಲಿ.

ಇನ್ನೊಂದು ಎಚ್ಚರಿಕೆ. ಹೀಗೆ ತುಂಬಿ ಕಳಿಸಿದ್ದನ್ನು ಯಾರು ಬೇಕಾದರೂ ಲಿಂಕ್ ತಿದ್ದಿ ಬದಲಾಯಿಸಬಹುದು. ಶುಲ್ಕ, ರಿಯಾಯಿತಿ ಇಂಥದ್ದನ್ನು ಅಲ್ಲಿ ಇಡಬೇಡಿ.

[ಸ್ಕ್ರೀನ್: ‘ಎಫ್_ನೇಮ್’, ‘ಎಲ್_ನೇಮ್’ ಎರಡೂ ಅಳಿಸಿ ‘ಮಗುವಿನ ಹೆಸರು’]

ಈಗ ಹೆಸರಿಗೆ ಬರೋಣ. ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಖಾನೆ ಯಾಕೆ ಬೇಕು? ನಮ್ಮಲ್ಲಿ ಎಷ್ಟೋ ಜನರಿಗೆ ಒಂದೇ ಹೆಸರು. ಮುಂದೆ ಊರಿನದೋ ಅಪ್ಪನದೋ ಇನಿಷಿಯಲ್. ಲಾಸ್ಟ್ ನೇಮ್ ಕಡ್ಡಾಯ ಮಾಡಿದರೆ ಒಬ್ಬರು ಚುಕ್ಕಿ ಹಾಕುತ್ತಾರೆ, ಇನ್ನೊಬ್ಬರು ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಕೊನೆಗೆ ಸರ್ಟಿಫಿಕೇಟಿನಲ್ಲಿ ‘ಚಂದನ ಚಂದನ’ ಅಂತ ಪ್ರಿಂಟ್ ಆಗುತ್ತದೆ. ಒಂದೇ ಖಾನೆ ಸಾಕು.

‘ಹೆಸರಿನಲ್ಲಿ ಅಕ್ಷರ ಮಾತ್ರ ಇರಬೇಕು’ ಅಂತ ರೂಲ್ ಹಾಕುವವರಿದ್ದಾರೆ. ಎ ಇಂದ ಝಡ್‌ವರೆಗೆ ಅಂತ ಬರೆದರೆ ಕನ್ನಡಕ್ಕೆ ಬಾಗಿಲೇ ಮುಚ್ಚಿತು. ಜಾಣರು ‘ಯಾವುದೇ ಭಾಷೆಯ ಅಕ್ಷರ’ ಎಂಬ ಯೂನಿಕೋಡ್ ರೂಲ್ ಬರೆಯುತ್ತಾರೆ. ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಚಿಹ್ನೆಗಳಿಗೂ ಕಂಪ್ಯೂಟರ್ ಬಳಸುವ ಪಟ್ಟಿ. ಅದರಲ್ಲೂ ‘ಕಮಲ’ ಪಾಸ್, ‘ಗೀತಾ’ ಫೇಲ್! ಯಾಕಂದರೆ ಯೂನಿಕೋಡ್ ಲೆಕ್ಕದಲ್ಲಿ ದೀರ್ಘ, ಕೊಂಬು, ಒತ್ತಿಗೆ ಬಳಸುವ ಅರ್ಧಾಕ್ಷರದ ಗುರುತು ಇವ್ಯಾವುವೂ ಅಕ್ಷರಗಳಲ್ಲ, ‘ಮಾರ್ಕ್’ ಎಂಬ ಬೇರೆಯೇ ಗುಂಪು. ಆ ಗುಂಪನ್ನೂ ರೂಲ್‌ನಲ್ಲಿ ಸೇರಿಸಬೇಕು. ಉದ್ದದ ಮಿತಿಯೂ ಅಷ್ಟೇ. ‘ಕೃಷ್ಣಮೂರ್ತಿ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಉದ್ದ ಎಣಿಸುವ ಫಾರ್ಮುಲಾಗೆ 11. ನನ್ನ ಕೇಳಿದರೆ ಹೆಸರಿಗೆ ರೂಲೇ ಬೇಡ. ಹೆಸರು ಹೇಗಿರಬೇಕೆಂದು ಹೇಳಲು ಟೇಬಲ್ ಯಾರು?

[ಸ್ಕ್ರೀನ್: ಫೋನ್ ನಂಬರ್ ಖಾನೆ, ಒಂಬತ್ತು ಅಂಕಿ ಟೈಪ್ ಆಗಿದೆ, ಫಾರ್ಮ್ ಒಪ್ಪಿಕೊಳ್ಳುತ್ತದೆ]

ರೂಲ್ ಬೇಕಾಗಿರುವುದು ಇಲ್ಲಿ. ‘ಫೋನ್’ ಎಂಬ ಬಗೆಯ ಕಾಲಂ ಇದ್ದರೂ ಅದು ಹತ್ತು ಅಂಕಿ ಇದೆಯಾ ಅಂತ ಎಣಿಸುವುದಿಲ್ಲ. ಜಗತ್ತಿನ ಎಲ್ಲ ದೇಶಗಳ ನಂಬರನ್ನೂ ಅದು ಒಪ್ಪಬೇಕಲ್ವಾ. ಹಾಗಂತ ಕಾಲಂ ಅನ್ನು ‘ನಂಬರ್’ ಬಗೆಗೆ ಬದಲಾಯಿಸಬೇಡಿ. ಕೂಡುವ ಕಳೆಯುವ ಲೆಕ್ಕಕ್ಕೆ ಇರುವುದು ಅದು. ಮುಂದಿನ ಸೊನ್ನೆ ಹಾರಿಹೋಗುತ್ತದೆ, ಪ್ಲಸ್ ಚಿಹ್ನೆಯೂ ಉಳಿಯುವುದಿಲ್ಲ.

ಟೂಲ್‌ನಲ್ಲಿ ತಪಾಸಣೆಯ ಸೌಲಭ್ಯ ಇದ್ದರೆ ಬಳಸಿ. ಇಲ್ಲದಿದ್ದರೆ ಪಕ್ಕದಲ್ಲೊಂದು ಫಾರ್ಮುಲಾ ಕಾಲಂ, ಅಂದರೆ ಲೆಕ್ಕ ಹಾಕಿ ತಾನೇ ತುಂಬಿಕೊಳ್ಳುವ ಕಾಲಂ, ಮಾಡಿ: ಉದ್ದ 10 ಅಲ್ಲದಿದ್ದರೆ ‘ನೋಡಿ’ ಎಂದು ಬರಲಿ. ಅದೇ ಟೇಬಲ್‌ನಲ್ಲಿ ‘ನೋಡಿ’ ಇರುವ ಸಾಲುಗಳನ್ನಷ್ಟೇ ತೋರಿಸುವ ಒಂದು ನೋಟ, ಅಂದರೆ ವ್ಯೂ, ಇಟ್ಟುಕೊಳ್ಳಿ. ದಿನಕ್ಕೊಮ್ಮೆ ಕಣ್ಣಾಡಿಸಿದರೆ ಸಾಕು. ಪ್ರಶ್ನೆಯ ಕೆಳಗೆ ‘ಸ್ಪೇಸ್, +91 ಬೇಡ, ಹತ್ತು ಅಂಕಿ ಮಾತ್ರ’ ಅಂತ ಬರೆದರೆ ‘ನೋಡಿ’ಗಳೂ ಕಡಿಮೆಯಾಗುತ್ತವೆ. ಹಣ ವಾಪಸ್ ಮಾಡಲು ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಕೋಡ್ ಕೇಳುವುದಾದರೆ ಅದಕ್ಕೂ ಇದೇ ಉಪಾಯ. ಒಟ್ಟು 11, ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಆ ಸೊನ್ನೆಯ ಜಾಗದಲ್ಲಿ ‘ಓ’ ಅಕ್ಷರ ಒತ್ತುವುದು ತೀರಾ ಸಾಮಾನ್ಯ.

ದಿನಾಂಕದ ಕಾಲಂನಲ್ಲಿ ಯುರೋಪಿಯನ್ ಫಾರ್ಮ್ಯಾಟ್ ಆರಿಸಿ. ನಮ್ಮ ಹಾಗೆ ದಿನ ಮೊದಲು, ತಿಂಗಳು ಆಮೇಲೆ. ತಿಂಗಳು ಮೊದಲು ಬರುವ ಅಮೆರಿಕದ ಫಾರ್ಮ್ಯಾಟನ್ನೇ ಉಳಿಸಿಕೊಂಡರೆ ಜೂನ್ 5 ಹೋಗಿ ಮೇ 6 ಆಗುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ.

[ಸ್ಕ್ರೀನ್: ‘ಬಸ್ ಬೇಕೇ?’ – ‘ಹೌದು’ ಒತ್ತಿದಾಗ ಸ್ಟಾಪ್‌ಗಳ ಪಟ್ಟಿ ತೆರೆಯುತ್ತದೆ]

ಬಸ್ ಬೇಡ ಎಂದವರಿಗೆ ಯಾವ ಸ್ಟಾಪ್ ಅಂತ ಯಾಕೆ ಕೇಳಬೇಕು? ಷರತ್ತಿನ ಮೇಲೆ ಪ್ರಶ್ನೆ ತೋರಿಸುವ ಆಯ್ಕೆ ಬೇಸ್‌ರೋ, ಏರ್‌ಟೇಬಲ್ ಎರಡರಲ್ಲೂ ಇದೆ. ಹಾಕಿದ ಮೇಲೆ ಒಮ್ಮೆ ಹೀಗೆ ಪರೀಕ್ಷಿಸಿ: ‘ಹೌದು’ ಒತ್ತಿ ಸ್ಟಾಪ್ ಆರಿಸಿ, ಆಮೇಲೆ ಮನಸ್ಸು ಬದಲಾಯಿಸಿ ‘ಇಲ್ಲ’ ಒತ್ತಿ ಕಳಿಸಿ. ಟೇಬಲ್‌ನಲ್ಲಿ ಸ್ಟಾಪ್ ಖಾಲಿ ಇದೆಯಾ ನೋಡಿ.

ಸ್ಟಾಪ್ ಪಟ್ಟಿ ಇನ್ನೊಂದು ಟೇಬಲ್‌ನಿಂದ ಬರುತ್ತಿದ್ದರೆ ಇನ್ನೂ ಒಂದು ಮಾತು. ಹೀಗೆ ಲಿಂಕ್ ಆದ ಟೇಬಲ್‌ನ ಮೊದಲ ಕಾಲಂ ಫಾರ್ಮ್ ತೆರೆದವರಿಗೆಲ್ಲ ಕಾಣುತ್ತದೆ. ಸ್ಟಾಪ್ ಹೆಸರಾದರೆ ಪರವಾಗಿಲ್ಲ. ಆದರೆ ‘ಅಣ್ಣ ಅಥವಾ ಅಕ್ಕ ಹೋದ ವರ್ಷ ಬಂದಿದ್ದರೆ ಆರಿಸಿ’ ಅಂತ ಹಳೆಯ ಮಕ್ಕಳ ಟೇಬಲ್ ಜೋಡಿಸಿದರೆ? ಅಷ್ಟೂ ಮಕ್ಕಳ ಹೆಸರು ಲಿಂಕ್ ಸಿಕ್ಕವರ ಕೈಗೆ. ಇದನ್ನು ದಯವಿಟ್ಟು ಇವತ್ತೇ ಪರಿಶೀಲಿಸಿ, ವಿಡಿಯೋ ಆಮೇಲೆ ನೋಡಿದರೂ ಆಯಿತು.

ಆಧಾರ್ ಪ್ರತಿ ಕೇಳುವ ಅಭ್ಯಾಸವನ್ನೂ ಬಿಡಿ. ಹತ್ತು ದಿನದ ಶಿಬಿರಕ್ಕೆ ಅದು ಯಾಕೆ ಬೇಕು, ಹೇಳಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ಮಾತನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಅವಕಾಶವನ್ನೂ ಆ ಕಾಯ್ದೆ ಕೊಡುತ್ತದೆ, ಕನ್ನಡವೂ ಅದರಲ್ಲಿದೆ. ಹಾಗಾಗಿ ಒಪ್ಪಿಗೆಯ ಟಿಕ್ ಬಾಕ್ಸ್ ಪಕ್ಕದ ವಾಕ್ಯ ಕನ್ನಡದಲ್ಲೂ ಇರಲಿ. ಯಾವ ಮಾಹಿತಿ, ಯಾತಕ್ಕೆ, ಇಷ್ಟು ಸ್ಪಷ್ಟವಾಗಿ ಬರೆಯಿರಿ.

[ಸ್ಕ್ರೀನ್: ಒಂದೇ ಮಗುವಿನ ಹೆಸರು ಟೇಬಲ್‌ನಲ್ಲಿ ಮೂರು ಸಲ]

ಫಾರ್ಮ್ ಕಳಿಸಿದ ಮೇಲೆ ತಪ್ಪು ಗೊತ್ತಾದರೆ ಜನ ಏನು ಮಾಡುತ್ತಾರೆ? ಮತ್ತೆ ತುಂಬುತ್ತಾರೆ. ಫಾರ್ಮ್‌ಗೆ ಗೊತ್ತಿರುವುದು ಹೊಸ ಸಾಲು ಸೇರಿಸುವುದು. ಹಳೆಯದನ್ನು ತಿದ್ದುವುದಲ್ಲ. ಫೋನ್ ನಂಬರ್ ನೋಡಿ ನಕಲು ಹಿಡಿಯೋಣ ಅಂದರೆ ಅಣ್ಣ ತಂಗಿ ಇಬ್ಬರಿಗೂ ಅಮ್ಮನದೇ ನಂಬರ್. ನಂಬರ್ ಜೊತೆ ಹುಟ್ಟಿದ ದಿನಾಂಕ ಸೇರಿಸಿ ಹೋಲಿಸಿ. ಅವಳಿಗಳು ಬಂದರೆ ಅದೂ ಕೈಕೊಡುತ್ತದೆ, ಆಗ ಹೆಸರು ನೀವೇ ಓದಿ ನೋಡಬೇಕು! ಅದಕ್ಕಿಂತ ಸುಲಭದ್ದು ಅಂದರೆ ಕಳಿಸಿದ ಮೇಲೆ ಬರುವ ಸಂದೇಶ. ಸುಮ್ನೆ ‘ಧನ್ಯವಾದಗಳು’ ಅನ್ನುವ ಬದಲು ‘ನಿಮ್ಮ ವಿವರ ತಲುಪಿತು. ತಿದ್ದುಪಡಿ ಇದ್ದರೆ ಮತ್ತೆ ತುಂಬಬೇಡಿ, ಈ ನಂಬರಿಗೆ ಮೆಸೇಜ್ ಮಾಡಿ’ ಅಂತ ಬರೆಯಿರಿ.

ಸೀಟು ಭರ್ತಿಯಾದಾಗ ಲಿಂಕ್ ಬಂದ್ ಮಾಡುವ ಮುಂಚೆಯೂ ಸ್ವಲ್ಪ ಯೋಚಿಸಿ. ಬಂದ್ ಮಾಡಿದರೆ ತೆರೆದವರಿಗೆ ಕಾಣುವುದು ಎರರ್ ಪುಟ. ಅವರು ಲಿಂಕ್ ಕೆಟ್ಟಿದೆ ಅಂದುಕೊಂಡು ನಿಮಗೆ ಫೋನ್ ಮಾಡುತ್ತಾರೆ. ಅದರ ಬದಲು ಫಾರ್ಮ್ ತಲೆಬರಹವನ್ನು ‘ಸೀಟು ಭರ್ತಿಯಾಗಿದೆ, ಕಾಯುವ ಪಟ್ಟಿಗೆ ಹೆಸರು ಕೊಡಿ’ ಎಂದು ಬದಲಾಯಿಸಿ. ಹೆಸರು, ಫೋನ್ ಬಿಟ್ಟು ಉಳಿದ ಪ್ರಶ್ನೆ ತೆಗೆಯಿರಿ. ಅದೇ ಲಿಂಕ್, ಯಾವ ಗ್ರೂಪಿಗೂ ಮತ್ತೆ ಕಳಿಸಬೇಕಿಲ್ಲ.

[ಸ್ಕ್ರೀನ್: ಬದಲಾದ ಫಾರ್ಮ್, ಎರಡೇ ಪ್ರಶ್ನೆ]

ಈ ಡೆಮೊ ಟೇಬಲ್‌ನ ಲಿಂಕ್ ಕೆಳಗೆ ಡಿಸ್ಕ್ರಿಪ್ಷನ್‌ನಲ್ಲಿದೆ, ಕಾಪಿ ಮಾಡಿಕೊಳ್ಳಿ. ನಿಮ್ಮ ಫಾರ್ಮ್‌ನಲ್ಲಿ ಜನ ಎಲ್ಲಿ ಜಾಸ್ತಿ ತಪ್ಪು ಮಾಡುತ್ತಾರೆ ಅನ್ನುವುದನ್ನು ಕಾಮೆಂಟ್‌ನಲ್ಲಿ ಬರೆಯಿರಿ. ಅದರ ಮೇಲೇ ಮುಂದಿನ ವಿಡಿಯೋ.