ಕೆಳಗೆ ಬಿದ್ದವನನ್ನು ಕಂಡು ಇಳಿಯಬೇಡಿ

ಕೇಳುಗರಿಗೆ ನಮಸ್ಕಾರ. ಹಡಗಿನ ಅಪಾಯವೆಂದರೆ ಬಿರುಗಾಳಿ, ಬೆಂಕಿ, ಮುಳುಗಡೆ ಎಂದೇ ಎಲ್ಲರೂ ಎಣಿಸುತ್ತಾರೆ. ನಾನು ಹೇಳಲು ಬಂದಿರುವುದು ದಕ್ಕೆಗೆ ಕಟ್ಟಿ ನಿಂತ ಹಡಗಿನಲ್ಲೂ ಹಾಡುಹಗಲೇ ಸದ್ದಿಲ್ಲದೆ ಪ್ರಾಣ ತೆಗೆಯುವ ಮುಚ್ಚಿದ ಕೋಣೆಗಳ ವಿಷಯ. ಮಗನನ್ನು ಹಡಗಿನ ಕೆಲಸಕ್ಕೆ ಕಳುಹಿಸಿರುವ ತಂದೆತಾಯಿಯರೂ, ಮಲ್ಪೆ, ಮಂಗಳೂರು, ತದಡಿಯ ಬೋಟಿನವರೂ ದಯವಿಟ್ಟು ಇದೊಂದನ್ನು ನೆನಪಿಡಿ: ಕೆಳಗೆ ಬಿದ್ದವನನ್ನು ಕಂಡ ಕೂಡಲೇ ನೀವು ಇಳಿಯಬೇಡಿ.

ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 21ರಷ್ಟು ಆಮ್ಲಜನಕವಿರುತ್ತದೆ. ಕಬ್ಬಿಣ ತುಕ್ಕು ಹಿಡಿಯುವಾಗ ಅದನ್ನು ಹೀರಿಕೊಳ್ಳುತ್ತದೆ. ಕಲ್ಲಿದ್ದಲು, ಮರದ ದಿಮ್ಮಿಗಳೂ ಹಾಗೆಯೇ. ಆಮ್ಲಜನಕ ಕಡಿಮೆಯಾದ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ನಾನು ಕೆಡೆಟ್, ಅಂದರೆ ತರಬೇತಿಯಲ್ಲಿರುವ ಹುಡುಗ, ಆಗಿದ್ದಾಗ, ಕಲ್ಲಿದ್ದಲು ಹೊತ್ತ ಹಡಗಿನಲ್ಲಿ ಒಬ್ಬ ಖಲಾಸಿ, ಸರಕಿನ ಕೋಣೆಯ ಏಣಿಕಿಂಡಿಯೊಳಗೆ ಜಾರಿಬಿದ್ದ ಟಾರ್ಚನ್ನು ತರಲು ಯಾರಿಗೂ ಹೇಳದೆ ಇಳಿದ. ನಾವು ಬಗ್ಗಿ ನೋಡಿದಾಗ ಅವನ ಕಿತ್ತಳೆ ಬಣ್ಣದ ಬಾಯ್ಲರ್ ಸೂಟ್ ಕಾಣುತ್ತಿತ್ತು, ಪಕ್ಕದಲ್ಲಿ ಟಾರ್ಚ್ ಇನ್ನೂ ಉರಿಯುತ್ತಿತ್ತು. ಖಲಾಸಿಗಳ ಮೇಸ್ತ್ರಿಯಾದ ಬೋಸನ್, ನಮ್ಮ ಹಿರಿಯರು ಸಾರಂಗ ಎನ್ನುತ್ತಿದ್ದರಲ್ಲ, ಅವರು ಅವನ ಊರಿನವರೇ. ಬೆಂಕಿ ಬಿದ್ದಾಗ ಹೊರಗೆ ಓಡಿಬರಲೆಂದು ಇಟ್ಟಿದ್ದ ಹತ್ತು ನಿಮಿಷದ ಉಸಿರಿನ ಚೀಲವನ್ನು ಕುತ್ತಿಗೆಗೆ ಹಾಕಿಕೊಂಡು ಅವರು ಏಣಿಗೆ ಕಾಲಿಟ್ಟರು. ಅದನ್ನು ಹಾಕಿಕೊಂಡು ಒಳಗೆ ಹೋಗಲೇಬಾರದು. ಚೀಫ್ ಆಫೀಸರ್ ಬಂದು ಬೋಸನ್ನರನ್ನು ಹಿಂದಕ್ಕೆಳೆದು, ತಾವೇ ಕಿಂಡಿಯ ಬಾಯಿಗೆ ಅಡ್ಡಲಾಗಿ ಕುಳಿತುಬಿಟ್ಟರು. "ಬಿಡಿ ಸಾರ್, ಹುಡುಗ ಸಾಯುತ್ತಾನೆ" ಎಂದು ಬೋಸನ್ ಭುಜ ಹಿಡಿದು ಎಳೆದರೂ ಏಳಲಿಲ್ಲ. ಹಗ್ಗಕ್ಕೆ ಕಟ್ಟಿ ಇಳಿಸಿದ ಆಮ್ಲಜನಕದ ಮೀಟರ್ 21 ಇರಬೇಕಾದ ಕಡೆ 6 ತೋರಿಸಿತು. ಗಾಳಿಯ ಸಿಲಿಂಡರ್ ಹೊತ್ತ ಇಬ್ಬರು ಹಗ್ಗ ಬಿಗಿದುಕೊಂಡು ಇಳಿದು ಅವನನ್ನು ಮೇಲೆ ತರಲು ಹದಿನೈದು ನಿಮಿಷ ಹಿಡಿಯಿತು. ಅವನು ಉಳಿಯಲಿಲ್ಲ. ಬೋಸನ್ ಉಳಿದರು, ಅವರ ಬೆನ್ನಿಗೇ ಇಳಿಯಲು ನಿಂತಿದ್ದ ನಾನೂ ಉಳಿದೆ.

ಆ ಹದಿನೈದು ನಿಮಿಷವನ್ನು ಕಡಿಮೆ ಮಾಡುವುದು ಅಭ್ಯಾಸವೊಂದೇ. 2015ರ ಜನವರಿಯಿಂದ ಅಂತರರಾಷ್ಟ್ರೀಯ ನಿಯಮವು ಇಂಥ ಕೋಣೆಯಿಂದ ಮನುಷ್ಯನನ್ನು ಎತ್ತುವ ಡ್ರಿಲ್ ಎರಡು ತಿಂಗಳಿಗೊಮ್ಮೆ ನಡೆಯಬೇಕೆಂದು ಕಡ್ಡಾಯ ಮಾಡಿದೆ. ಡ್ರಿಲ್ ನಡೆಸದೆ ಪುಸ್ತಕದಲ್ಲಿ ಸಹಿ ಹಾಕುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಬೋಟಿನವರೇ, ನಿಮ್ಮ ಮೀನಿನ ಕೋಣೆಯಲ್ಲಿ ಕೊಳೆತ ಮೀನಿನಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಮೊದಲು ಕೊಳೆತ ಮೊಟ್ಟೆಯ ನಾತ ಬರುತ್ತದೆ. ಅನಿಲ ಹೆಚ್ಚಾದರೆ ಮೂಗು ಸತ್ತುಹೋಗಿ ಆ ನಾತವೂ ತಿಳಿಯುವುದಿಲ್ಲ. ಮುಚ್ಚಳ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಡಿ. ಒಬ್ಬರು ಇಳಿದರೆ ಒಬ್ಬರು ಮೇಲೆಯೇ ನಿಲ್ಲಲಿ. ಒಳಗಿನವರು ಕುಸಿದರೆ ಮೇಲಿರುವವರು ಇಳಿಯಬಾರದು. ಕೂಗಿ ಜನ ಸೇರಿಸಬೇಕು, ಕಡಲಿನಲ್ಲಿದ್ದರೆ ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಬೇಕು.