ಗರಿ ತೀಡುವ ಹಕ್ಕಿ ಮತ್ತು ಕ್ಯಾಮೆರಾ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಡುಹಕ್ಕಿಗಳ ಛಾಯಾಗ್ರಹಣದಲ್ಲಿ ತೊಡಗಿದವರಲ್ಲಿ ಬಹಳ ಮಂದಿ ಹಕ್ಕಿ ಹಾರುವ ಅಥವಾ ಬೇಟೆ ಹಿಡಿಯುವ ಗಳಿಗೆಗಾಗಿ ಗಂಟೆಗಟ್ಟಲೆ ಕಾಯುತ್ತಾರೆ; ಅದೇ ಹಕ್ಕಿ ಕೊಂಬೆಯ ಮೇಲೆ ಕುಳಿತು ಗರಿ ತೀಡಿಕೊಳ್ಳಲು ಆರಂಭಿಸಿದೊಡನೆ ಕ್ಯಾಮೆರಾ ಕೆಳಗಿಳಿಸುತ್ತಾರೆ. ಮುಖ ಸರಿಯಾಗಿ ಕಾಣುವುದಿಲ್ಲ, ಮೈಯೆಲ್ಲ ಕೆದರಿದೆ, ಇದರಲ್ಲಿ ಚಿತ್ರವೇನಿದೆ ಎಂಬುದು ಅವರ ಎಣಿಕೆ. ಹಕ್ಕಿಯನ್ನು ಅರಿಯಬೇಕೆಂಬ ಆಸೆಯಿಂದ ಕ್ಯಾಮೆರಾ ಹಿಡಿದವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಬೇರೆಯಿಲ್ಲ ಎಂದು ನಾನು ನಂಬಿದ್ದೇನೆ. ತನ್ನ ಸುತ್ತ ಅಪಾಯವಿಲ್ಲವೆಂದು ಮನಗಂಡ ಹಕ್ಕಿ ಮಾತ್ರ ನಿಶ್ಚಿಂತೆಯಿಂದ ಕೊಕ್ಕನ್ನು ಬೆನ್ನಿನ ಗರಿಗಳೊಳಗೆ ಹುದುಗಿಸುತ್ತದೆ.

ಅದು ಅಲ್ಲಿ ಮಾಡುತ್ತಿರುವುದು ಬರಿಯ ಅಲಂಕಾರವಲ್ಲ. ಗರಿಯ ನಡುದಂಡದ ಎರಡೂ ಬದಿಗೆ ಎಳೆಗಳಿರುತ್ತವೆ. ಆ ಎಳೆಗಳಿಂದ ಇನ್ನೂ ಸೂಕ್ಷ್ಮವಾದ ಕಿರುಎಳೆಗಳು ಹೊರಟು, ತಮ್ಮ ಕೊಕ್ಕೆಗಳಿಂದ ಪಕ್ಕದ ಎಳೆಯ ಕಿರುಎಳೆಗಳನ್ನು ಹಿಡಿದುಕೊಂಡಿರುತ್ತವೆ. ಹಾರಾಟದಲ್ಲೋ ಪೊದೆಯಲ್ಲಿ ನುಸುಳುವಾಗಲೋ ಈ ಹಿಡಿತ ಬಿಟ್ಟುಹೋದರೆ, ಹಕ್ಕಿ ಗರಿಯನ್ನು ಬುಡದಿಂದ ತುದಿಯವರೆಗೆ ಕೊಕ್ಕಿನಲ್ಲಿ ಎಳೆದು, ಬಿಚ್ಚಿಕೊಂಡ ಜಿಪ್ಪನ್ನು ಮತ್ತೆ ಹಾಕಿದಂತೆ ಅವನ್ನು ಕೂಡಿಸುತ್ತದೆ. ಟಂಡ್ರಾ ಹಂಸವೊಂದರ ಮೈಮೇಲೆ 25,000ಕ್ಕೂ ಹೆಚ್ಚು ಗರಿಗಳನ್ನು ಎಣಿಸಿದ ದಾಖಲೆಯಿದೆ ಎಂದರೆ, ಈ ಕೆಲಸ ಎಷ್ಟು ದೊಡ್ಡದೆಂದು ಊಹಿಸಬಹುದು. ಇದರೊಂದಿಗೆ ಹೇನು, ನುಸಿಗಳನ್ನು ಹೆಕ್ಕುವುದೂ ನಡೆದಿರುತ್ತದೆ.

ಬಹುತೇಕ ಹಕ್ಕಿಗಳಿಗೆ ಬಾಲದ ಬುಡದಲ್ಲಿ, ಮೇಲ್ಭಾಗದಲ್ಲಿ, ಒಂದು ತೈಲಗ್ರಂಥಿಯಿರುತ್ತದೆ. ಹಕ್ಕಿ ಕತ್ತನ್ನು ಹಿಂದಕ್ಕೆ ತಿರುಗಿಸಿ, ಬಾಲವನ್ನು ಒಂದು ಬದಿಗೆ ವಾಲಿಸಿ, ಅಲ್ಲಿಂದ ಕೊಕ್ಕಿಗೆ ಎಣ್ಣೆ ಹಚ್ಚಿಕೊಂಡು ಗರಿಗಳಿಗೆ ಸವರುತ್ತದೆ. ದೊಡ್ಡ ದಾಸಮಂಗಟ್ಟೆಯ ಕೊಕ್ಕು, ಕತ್ತು ಮತ್ತು ರೆಕ್ಕೆಯ ಬಿಳಿ ಪಟ್ಟೆಗೆ ಬರುವ ಹಳದಿ ಛಾಯೆ ಈ ಎಣ್ಣೆಯದೇ. ದೊಡ್ಡ ರಾಜಹಂಸಗಳು ಸಂಗಾತಿಯನ್ನು ಹುಡುಕುವ ಕಾಲದಲ್ಲಿ ಬಣ್ಣ ತುಂಬಿದ ಎಣ್ಣೆಯನ್ನು ಹೆಚ್ಚಾಗಿ ಸವರಿಕೊಂಡು ಗರಿಯ ಗುಲಾಬಿಯನ್ನು ಗಾಢಗೊಳಿಸುತ್ತವೆ. ಬಕಗಳಿಗೆ ಇದಲ್ಲದೆ ಮತ್ತೊಂದು ಅನುಕೂಲವಿದೆ. ಅವುಗಳ ಎದೆಯ ಬಳಿಯ ವಿಶೇಷ ಗರಿಗಳು ಪುಡಿಯಾಗಿ ಉದುರುತ್ತವೆ. ಮೀನಿನ ಲೋಳೆ ಅಂಟಿದ ಗರಿಗಳಿಗೆ ಆ ಪುಡಿಯನ್ನು ತಾಗಿಸಿ, ಬಳಿಕ ನಡುಬೆರಳಿನ ಹಲ್ಲುಹಲ್ಲಾದ ಉಗುರಿನಿಂದ ಬಾಚಿ ತೆಗೆಯುತ್ತವೆ. ಕಣಜಗೂಬೆ ಮತ್ತು ನತ್ತಿಂಗಗಳಿಗೂ ಇಂಥ ಉಗುರಿದೆ. ಇವೆಲ್ಲ ಬರಿಗಣ್ಣಿಗೆ ದೂರದಿಂದ ದಕ್ಕದ ಸಂಗತಿಗಳು. ಉದ್ದನೆಯ ಮಸೂರದ ನಿಜವಾದ ಉಪಕಾರ ಇಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ.

ಈ ಕೆಲಸಕ್ಕೆ ಒಂದು ಬಗೆಯ ಅನುಕ್ರಮವಿರುವುದು ಛಾಯಾಗ್ರಾಹಕನ ಭಾಗ್ಯ. ಸ್ನಾನ ಮಾಡಿದ ಹಕ್ಕಿ ಮೊದಲು ಮೈ ಒದರುತ್ತದೆ, ಆಮೇಲೆ ಹತ್ತಿರದ ಬಿಸಿಲಿನ ಕೊಂಬೆಗೋ ಬಂಡೆಗೋ ಬಂದು ತೀಡಲು ತೊಡಗುತ್ತದೆ. ನೀರುಕಾಗೆಯ ಹೊರಗರಿಗಳು ನೀರಿನಲ್ಲಿ ನೆನೆಯುವುದರಿಂದ ಅದು ರೆಕ್ಕೆ ಹರಡಿ ಒಣಗಿಸುವ ಕೆಲಸವನ್ನೂ ಇದರೊಂದಿಗೆ ಸೇರಿಸುತ್ತದೆ. ಕೊಕ್ಕಿಗೆ ಎಟುಕದ ತಲೆಯನ್ನು ಕಾಲಿನಿಂದ ಕೆರೆದುಕೊಳ್ಳಬೇಕು: ಬಕ, ಬಾತುಗಳು ಕಾಲನ್ನು ರೆಕ್ಕೆಯ ಕೆಳಗಿನಿಂದ ನೇರವಾಗಿ ತರುತ್ತವೆ, ಸಣ್ಣ ಹಾಡುಹಕ್ಕಿಗಳಲ್ಲಿ ಹೆಚ್ಚಿನವು ರೆಕ್ಕೆಯನ್ನು ತಗ್ಗಿಸಿ ಅದರ ಮೇಲಿನಿಂದ ತರುತ್ತವೆ. ಜೋಡಿಯಾಗಿ ಬಾಳುವ ಹಲವು ಜಾತಿಗಳಲ್ಲಿ ತಲೆ, ಕತ್ತುಗಳ ಗರಿಯನ್ನು ಸಂಗಾತಿಯೇ ತೀಡುತ್ತದೆ. ಕೊನೆಗೆ ಹಕ್ಕಿ ಮೈಯ ಗರಿಗಳನ್ನೆಲ್ಲ ಉಬ್ಬಿಸಿ ಜೋರಾಗಿ ಒದರುತ್ತದೆ. ಎಷ್ಟೋ ಸಲ ಅದರ ಹಿಂದೆಯೇ ಒಂದು ಬದಿಯ ರೆಕ್ಕೆ ಮತ್ತು ಕಾಲನ್ನು ಒಟ್ಟಿಗೆ ಚಾಚುತ್ತದೆ. ತೀಡುವ ವೇಗ ತಗ್ಗಿ, ಎದೆಯ ಗರಿಗಳು ಮೆಲ್ಲನೆ ಉಬ್ಬತೊಡಗಿದಾಗ ಬೆರಳು ಗುಂಡಿಯ ಮೇಲಿರಲಿ.

ಇನ್ನು ಕ್ಯಾಮೆರಾದ ವಿಚಾರ. ಕೊಕ್ಕು ಗರಿಯ ಮೇಲೆ ನಿಧಾನವಾಗಿ ಜಾರುವಾಗ ಸೆಕೆಂಡಿನ 1/500 ಭಾಗದ ಷಟರ್ ವೇಗ ಸಾಮಾನ್ಯವಾಗಿ ಸಾಕು. ತಲೆ ಕೆರೆಯುವಾಗ ಅಥವಾ ಮೈ ಒದರುವಾಗ 1/2000ರ ವೇಗವೂ ಕೆಲವೊಮ್ಮೆ ಸಾಲದು. ಮಸೂರದೊಳಗೆ ಬೆಳಕು ಬಿಡುವ ರಂಧ್ರದ ಅಳತೆಯಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ತಿರುಗಿದ ತಲೆ ಒಂದು ದೂರದಲ್ಲಿ, ಎಳೆದು ಹಿಡಿದ ರೆಕ್ಕೆಗರಿ ಇನ್ನೊಂದು ದೂರದಲ್ಲಿ ಇರುತ್ತವೆ. ಪೂರ್ಣ ಚೌಕಟ್ಟಿನ ಸಂವೇದಕದ ಕ್ಯಾಮೆರಾಗೆ 600 ಮಿ.ಮೀ. ಮಸೂರ ಹಾಕಿ, 10 ಮೀಟರ್ ದೂರದ ಹಕ್ಕಿಯನ್ನು ಎಫ್/4 ಎಂಬ ಅಗಲವಾದ ರಂಧ್ರದಲ್ಲಿ ತೆಗೆದರೆ ಸ್ಪಷ್ಟವಾಗಿರುವ ಆಳ ಸುಮಾರು 6–7 ಸೆಂ.ಮೀ. ಮಾತ್ರ; ಅದಕ್ಕಿಂತ ಕಿರಿದಾದ ಎಫ್/8ರಲ್ಲಿ ಆ ಆಳ ಇಮ್ಮಡಿಯಾಗುತ್ತದೆ. ಹಿನ್ನೆಲೆ ಸ್ವಲ್ಪ ಗಡಸಾದರೂ ನಾನು ಎಫ್/8ರ ಕಡೆಗೇ ವಾಲುತ್ತೇನೆ. ಕಣ್ಣನ್ನು ತಾನೇ ಹುಡುಕುವ ಹೊಸ ಫೋಕಸ್ ವ್ಯವಸ್ಥೆ, ತಲೆ ಗರಿಗಳಲ್ಲಿ ಮರೆಯಾದೊಡನೆ ದಾರಿ ತಪ್ಪಬಹುದಾದ್ದರಿಂದ, ಒಂದೇ ಬಿಂದುವಿನ ಫೋಕಸ್ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಶಬ್ದ ಮಾಡದ ಎಲೆಕ್ಟ್ರಾನಿಕ್ ಷಟರ್ ಹಕ್ಕಿಗೆ ಹಿತವಾದರೂ, ಕೆಲವು ಕ್ಯಾಮೆರಾಗಳಲ್ಲಿ ವೇಗವಾಗಿ ಒದರುವ ಗರಿಗಳು ಅದರಿಂದ ಸೊಟ್ಟಗೆ ಮೂಡುವುದುಂಟು. ಬೆಳಕು ಪಕ್ಕದಿಂದ ಓರೆಯಾಗಿ ಬಿದ್ದರೆ ಎಳೆ ಎಳೆಯೂ ಎದ್ದು ಕಾಣುತ್ತದೆ. ಆದರೆ ಬೆಳ್ಳಕ್ಕಿಯಂಥ ಬಿಳಿಯ ಹಕ್ಕಿಗೆ ತೆಳುಮೋಡದ ಬೆಳಕೇ ಲೇಸು, ಹಿನ್ನೆಲೆ ಗಾಢವಾಗಿದ್ದರೆ ಕ್ಯಾಮೆರಾ ಸೂಚಿಸುವುದಕ್ಕಿಂತ ಕಡಿಮೆ ಬೆಳಕು ಕೊಡಬೇಕು.

ಇಷ್ಟೆಲ್ಲ ಸಿದ್ಧತೆಗಿಂತ ಮುಖ್ಯವಾದುದು ನಮ್ಮ ಇರವು. ಹಕ್ಕಿ ಬಂದ ಮೇಲೆ ಅದರತ್ತ ನಡೆಯುವುದಕ್ಕಿಂತ, ಅದು ಬರುವ ಮೊದಲೇ ಮರಸಿನಲ್ಲಿ ಕುಳಿತಿರುವುದು ಒಳಿತು. ಗಾಬರಿಗೊಂಡ ಹಕ್ಕಿಯೂ ಗರಿ ತೀಡುವುದುಂಟು ಎಂಬುದನ್ನು ಬಹಳ ಮಂದಿ ಗಮನಿಸಿಲ್ಲ. ಹಾರಿಹೋಗಲೋ ಇರಲೋ ಎಂದು ತೋಚದ ಹಕ್ಕಿ, ಒಂದೆರಡು ಸಲ ಎದೆಯನ್ನು ಕುಕ್ಕಿ, ತಟ್ಟನೆ ತಲೆಯೆತ್ತಿ ನಮ್ಮನ್ನು ನೋಡಿ, ಮತ್ತೆ ಕುಕ್ಕುತ್ತದೆ; ಅದರ ಮೈಗರಿಗಳು ಬಿಗಿಯಾಗಿ ಅಂಟಿಕೊಂಡಿರುತ್ತವೆ. ನೆಮ್ಮದಿಯಿಂದಿರುವ ಹಕ್ಕಿಯ ಗರಿಗಳಾದರೋ ಸಡಿಲವಾಗಿರುತ್ತವೆ, ಒಂದೊಂದು ಗರಿಯ ಕೆಲಸವೂ ಪೂರ್ತಿಯಾಗಿ ನಡೆಯುತ್ತದೆ. ಮೊದಲ ಲಕ್ಷಣ ಕಂಡರೆ ನಾವು ಆಗಲೇ ಅತಿ ಹತ್ತಿರ ಬಂದಿದ್ದೇವೆ ಎಂದರ್ಥ. ಚಿತ್ರ ತೆಗೆಯದೆ ನಿಧಾನವಾಗಿ ಹಿಂದೆ ಸರಿಯಬೇಕು. ಗೂಡಿನ ಬಳಿಯಂತೂ ಈ ಪ್ರಯತ್ನವೇ ಕೂಡದು.

ತೆಗೆದ ಚಿತ್ರಗಳಲ್ಲಿ ಆರಿಸುವಾಗ ಕಣ್ಣು ಕಾಣುವಂಥವನ್ನು ಮೊದಲು ನೋಡುವುದು ವಾಡಿಕೆ, ಅದು ಸರಿಯೂ ಹೌದು. ಗರಿ ತೀಡುವಾಗ ಮತ್ತು ಕೆರೆದುಕೊಳ್ಳುವಾಗ ಹಕ್ಕಿಯ ಮೂರನೆಯ ರೆಪ್ಪೆ ಕಣ್ಣಿನ ಮೇಲೆ ಸರಿದು ಬರುವುದರಿಂದ ಹಲವು ಚಿತ್ರಗಳಲ್ಲಿ ಕಣ್ಣು ಹಾಲುಗಟ್ಟಿದಂತೆ ಕಾಣುತ್ತದೆ. ಅದಕ್ಕಾಗಿಯೇ ಒಂದರ ಹಿಂದೊಂದು ಹಲವು ಚಿತ್ರಗಳನ್ನು ತೆಗೆಯಬೇಕಾಗುತ್ತದೆ. ಆದರೆ ಕಣ್ಣು ಹಾಗೆ ಕಂಡ ಚಿತ್ರಗಳನ್ನೆಲ್ಲ ಅಳಿಸಿಹಾಕಬೇಡಿರಿ. ಉದ್ದನೆಯ ರೆಕ್ಕೆಗರಿ ಕೊಕ್ಕಿನಲ್ಲಿ ಬಾಗಿ ನಿಂತು, ಅದರ ಎಳೆಗಳು ಒಂದೆಡೆ ಬಿಚ್ಚಿ ಇನ್ನೊಂದೆಡೆ ಕೂಡಿಕೊಂಡಿರುವ ಚಿತ್ರವೊಂದು ಸಿಕ್ಕಿದ್ದರೆ, ಕಣ್ಣು ಮುಚ್ಚಿದ್ದರೂ ನಾನು ಅದನ್ನೇ ಉಳಿಸಿಕೊಳ್ಳುತ್ತೇನೆ.

ನಮಸ್ಕಾರ.