ಎರಡು ವರ್ಷಕ್ಕೆಂದು ಹೋದವರು

ಅಧ್ಯಕ್ಷರೇ, ಸ್ನೇಹಿತರೇ,

ಯುರೋಪಿನ ಮುಸ್ಲಿಮರು ಅಲ್ಲಿನ ಸಮಾಜದೊಂದಿಗೆ ಬೆರೆಯುವುದಿಲ್ಲ ಎಂಬ ಮಾತನ್ನು ನೀವೆಲ್ಲ ಟಿವಿ ಚರ್ಚೆಗಳಲ್ಲಿ ಕೇಳಿದ್ದೀರಿ. ಬೆರೆಯಲು ಕಾನೂನು ಅವಕಾಶ ಕೊಟ್ಟಿತ್ತೇ ಎಂದು ಕೇಳುವವರು ಕಡಿಮೆ. ಸಮಯ ಸ್ವಲ್ಪವೇ ಇದೆ, ಯುರೋಪನ್ನೆಲ್ಲ ಸುತ್ತುವುದು ಬೇಡ. ಜರ್ಮನಿಯ ತುರ್ಕರನ್ನಷ್ಟೇ ನೋಡೋಣ.

1961ರ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದಿತು. ಪೂರ್ವ ಜರ್ಮನಿಯಿಂದ ಪಶ್ಚಿಮ ಜರ್ಮನಿಗೆ ಬರುತ್ತಿದ್ದ ಕೆಲಸಗಾರರ ದಾರಿ ಮುಚ್ಚಿತು. ಅಕ್ಟೋಬರ್‌ನಲ್ಲಿ ತುರ್ಕಿಯೊಂದಿಗೆ ನೇಮಕಾತಿ ಒಪ್ಪಂದವಾಯಿತು. ಇಸ್ತಾಂಬುಲ್‌ನ ಕಚೇರಿಯಲ್ಲಿ ಯುವಕರನ್ನು ಒಳಉಡುಪಿನಲ್ಲಿ ಸಾಲಾಗಿ ನಿಲ್ಲಿಸಿ ಹಲ್ಲು, ಎದೆ ಪರೀಕ್ಷಿಸಿದರು. ಆಯ್ಕೆಯಾದವರು ರೈಲಿನಲ್ಲಿ ಮ್ಯೂನಿಕ್‌ನ 11ನೇ ಪ್ಲಾಟ್‌ಫಾರಂಗೆ ಬಂದಿಳಿದರು. ಅದರ ಕೆಳಗಿದ್ದ ಯುದ್ಧಕಾಲದ ಬಂಕರ್‌ನಲ್ಲಿ ಅವರಿಗೆ ಊಟ ಹಾಕಿ, ಅಲ್ಲಿಂದಲೇ ಗಣಿಗೆ, ಕಾರ್ಖಾನೆಗೆ ಹಂಚಿದರು. ಒಪ್ಪಂದದಲ್ಲಿ ವಾಸದ ಮಿತಿ ಎರಡೇ ವರ್ಷ. ಪಳಗಿದ ಕೈಗಳನ್ನು ಕಳುಹಿಸಿ ಹೊಸಬರಿಗೆ ಮತ್ತೆ ಕೆಲಸ ಕಲಿಸುವುದು ಮಾಲೀಕರಿಗೇ ಬೇಡವಾಗಿ 1964ರಲ್ಲಿ ಆ ಮಿತಿ ಹೋಯಿತು. ಆದರೂ ಇವರು ಹೇಗೂ ಹೊರಡುವವರು ಎಂಬ ಎಣಿಕೆ ಹೋಗಲಿಲ್ಲ. ಹೊರಡುವವರಿಗೆ ಭಾಷೆ ಕಲಿಸುವವರು ಯಾರು? ಮಕ್ಕಳನ್ನು ಗಲ್ಫ್‌ಗೆ ಕಳುಹಿಸಿದ ಮನೆಯವರು ಈ ಸಭೆಯಲ್ಲಿಯೂ ಇದ್ದೀರಿ, ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1973ರಲ್ಲಿ ನೇಮಕಾತಿ ನಿಂತಿತು. ಊರಿಗೆ ಹೋದರೆ ಮರಳಿ ಬರಲಾಗದು ಎಂದು ಜನ ಅಲ್ಲಿಯೇ ಉಳಿದರು, ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಬರುವವರನ್ನು ತಡೆಯಲು ಮಾಡಿದ ಆಜ್ಞೆಯೇ ಬಂದವರನ್ನು ನೆಲೆಯೂರಿಸಿತು! 1983ರಲ್ಲಿ ಹಣ ಕೊಟ್ಟು ಹಿಂದಕ್ಕೆ ಕಳುಹಿಸುವ ಕಾನೂನೂ ಬಂತು. ಕೊಲೋನ್‌ನಲ್ಲಿ ಹುಟ್ಟಿ, ಕೊಲೋನ್‌ನ ಆಡುಮಾತಿನಲ್ಲಿಯೇ ಜಗಳವಾಡುವ ಹುಡುಗನೂ 2000ದ ವರೆಗೆ ಹುಟ್ಟಿನಿಂದ ವಿದೇಶಿಯೇ. ಅದಕ್ಕೇ ಮತ್ತೆ ಹೇಳುತ್ತೇನೆ, ಮೊದಲು ಕಾನೂನನ್ನು ನೋಡಿ, ಸಂಸ್ಕೃತಿಯ ಮಾತು ಆಮೇಲೆ.

ಮೆವ್ಲುದೆ ಗೆಂಚ್ ಅವರ ವಿಷಯ ಹೇಳದೆ ನಾನು ವೇದಿಕೆ ಇಳಿಯಲಾರೆ. ತುರ್ಕಿಯ ಅಮಾಸ್ಯ ಪ್ರಾಂತ್ಯದ ಹಳ್ಳಿಯಿಂದ ಬಂದ ಗೃಹಿಣಿ. 1993ರ ಮೇ 29ರ ನಸುಕಿನಲ್ಲಿ ಜರ್ಮನಿಯ ಜೋಲಿಂಗೆನ್ ಊರಿನಲ್ಲಿ ಅವರ ಮನೆಗೆ ವಿದೇಶಿಯರ ಮೇಲಿನ ದ್ವೇಷದಿಂದ ನಾಲ್ವರು ಬೆಂಕಿ ಹಚ್ಚಿದರು. ಅವರಲ್ಲಿ ಕಿರಿಯವನಿಗೆ ಹದಿನಾರು ವರ್ಷ. ಈ ತಾಯಿ ಇಬ್ಬರು ಹೆಣ್ಣುಮಕ್ಕಳನ್ನು, ಇಬ್ಬರು ಮೊಮ್ಮಕ್ಕಳನ್ನು, ಸಂಬಂಧಿಕರ ಒಬ್ಬಳು ಹುಡುಗಿಯನ್ನು ಕಳೆದುಕೊಂಡರು. ಕಿರಿಯ ಮೊಮ್ಮಗಳಿಗೆ ನಾಲ್ಕೇ ವರ್ಷ. ಊರೂರಲ್ಲಿ ಪ್ರತಿಭಟನೆ ಭುಗಿಲೆದ್ದಾಗ ದ್ವೇಷ ಬೇಡ ಎಂದು ಕೈಮುಗಿದವರು ಇವರೇ. ಶ್ರದ್ಧಾಂಜಲಿಗೆ ಚಾನ್ಸಲರ್ ಹೆಲ್ಮುಟ್ ಕೋಲ್ ಬರಲಿಲ್ಲ. ಎರಡು ವರ್ಷ ಕಳೆದ ಮೇಲೆ ಗೆಂಚ್ ಜರ್ಮನಿಯ ಪೌರತ್ವ ಪಡೆದರು. ಮಕ್ಕಳು ಬೆಂದ ಊರನ್ನು ಬಿಡಲಿಲ್ಲ. 2012ರಲ್ಲಿ ರಾಷ್ಟ್ರಾಧ್ಯಕ್ಷರನ್ನು ಆರಿಸುವ ಸಭೆಯಲ್ಲಿ ಮತ ಹಾಕಿದರು. ಸ್ಮರಣೆಯ ಸಭೆಗಳಲ್ಲಿ ಅವರು ಮಾತನಾಡುತ್ತಿದ್ದುದು ತುರ್ಕಿ ಭಾಷೆಯಲ್ಲಿ. ಇವರು ಬೆರೆಯಲಿಲ್ಲ ಎನ್ನುವ ಧೈರ್ಯ ಯಾರಿಗಿದೆ?

ಸಮುದಾಯದೊಳಗಿನ ತಪ್ಪನ್ನೂ ಹೇಳಬೇಕು. 1984ರಲ್ಲಿ ಕೊಲೋನ್‌ನಲ್ಲಿ ಸ್ಥಾಪನೆಯಾದ ಮಸೀದಿಗಳ ದೊಡ್ಡ ಒಕ್ಕೂಟ ಡಿಟಿಬ್, ಇಮಾಮರನ್ನು ತುರ್ಕಿಯ ರಾಜಧಾನಿ ಅಂಕಾರಾದಿಂದಲೇ ತರಿಸಿಕೊಂಡಿತು. ಸಂಬಳವೂ ಅಲ್ಲಿಂದ, ರಾಜಕೀಯವೂ ಅಲ್ಲಿಂದ. ಜರ್ಮನಿಯಲ್ಲಿ ಹುಟ್ಟಿದ ಹುಡುಗಿಯ ಪ್ರಶ್ನೆಗೆ, ಆ ದೇಶದ ಭಾಷೆಯೇ ಬಾರದ ಇಮಾಮರು ಏನು ಉತ್ತರ ಕೊಟ್ಟಾರು? ಒಸ್ನಾಬ್ರುಕ್‌ನಲ್ಲಿ 2021ರಲ್ಲಿ ಜರ್ಮನ್ ಭಾಷೆಯಲ್ಲಿ ಇಮಾಮರ ತರಬೇತಿ ಶುರುವಾಗಿದೆ. ತೀರ ತಡವಾಯಿತು, ಆದರೂ ಸ್ವಾಗತಿಸುತ್ತೇನೆ.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಶಾಲೆಗಳ ವಿಷಯ ಬಾಕಿ ಉಳಿಯಿತು. ಹತ್ತನೇ ವಯಸ್ಸಿಗೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ವಿಂಗಡಿಸುವ ಪದ್ಧತಿ ಕೂಲಿಕಾರರ ಮಕ್ಕಳಿಗೆ ಎಷ್ಟು ಹೊಡೆತ ಕೊಟ್ಟಿತು ಎಂಬುದೇ ಒಂದು ಉಪನ್ಯಾಸವಾಗುತ್ತದೆ. 2024ರ ಜೂನ್‌ನಲ್ಲಿ ಜಾರಿಯಾದ ಹೊಸ ಕಾನೂನಿನ ಪ್ರಕಾರ ತುರ್ಕಿಯ ಪೌರತ್ವ ಬಿಡದೆಯೇ ಜರ್ಮನ್ ಪೌರರಾಗಬಹುದು. ಆ ಮೊದಲ ತಲೆಮಾರಿನ ಕಾರ್ಮಿಕರಿಗೆ ಲಿಖಿತ ಪರೀಕ್ಷೆಯಿಲ್ಲ, ನಿತ್ಯದ ವ್ಯವಹಾರಕ್ಕೆ ಬೇಕಾದಷ್ಟು ಜರ್ಮನ್ ಮಾತನಾಡಿದರೆ ಸಾಕು. ಒಪ್ಪಂದವಾಗಿ ಅರುವತ್ತೆರಡು ವರ್ಷ ಕಳೆದ ಮೇಲೆ ಇದು ಬಂದಿದೆ. ಪ್ರಶ್ನೆಗಳಿದ್ದರೆ ಕೇಳಿ.